ಅಮ್ಮ ದೇಶದ ತುದಿವರೆಗೆ ಕಾರು ಓಡಿಸಿದ ಶುಕ್ರವಾರ

ದೋಹಾದಲ್ಲಿ ಸಿಗ್ನಲ್‌ಗಳಿಗಿಂತ ರೌಂಡಬೌಟುಗಳೇ ಹೆಚ್ಚಿದ್ದ ಕಾಲವದು. ಶುಕ್ರವಾರ ಬೆಳಿಗ್ಗೆ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಬಿಲ್ಡಿಂಗಿನ ಮೆಟ್ಟಿಲಿಳಿದರೆ ಒಂದು ಮಹಡಿಯಲ್ಲಿ ಮೀನು ಹುರಿಯುವ ವಾಸನೆ, ಇನ್ನೊಂದರಲ್ಲಿ ಊದಿನ ಹೊಗೆ. ನನಗೆ ಆಗ ಹನ್ನೊಂದು ವರ್ಷ, ತಮ್ಮ ಕಿರಣನಿಗೆ ಏಳು.

ಆ ಚಳಿಗಾಲದ ಹೊತ್ತಿಗೆ ಅಮ್ಮ ನಾಲ್ಕನೇ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದಳು. ಆದರೆ ಮೊದಲ ದಿನವೇ ರೌಂಡಬೌಟಿನಲ್ಲಿ ಹಿಂದಿನಿಂದ ದೊಡ್ಡ ಗಾಡಿಯೊಂದು ಲೈಟ್ ಹೊಡೆದು ಹಾರ್ನ್ ಬಾರಿಸಿದಾಗ, ನಡುದಾರಿಯಲ್ಲೇ ಕಾರು ನಿಲ್ಲಿಸಿ ಅತ್ತುಬಿಟ್ಟಳು. ಅಂದಿನಿಂದ ಲೈಸೆನ್ಸು ಕಪಾಟಿನ ಸೀರೆಗಳಡಿ ಸೇರಿತು. ಅಪ್ಪ ಕೇಳಿದಾಗಲೆಲ್ಲ ನಾಳೆ ನೋಡುವಾ ಎನ್ನುತ್ತಿದ್ದಳು.

ಅಪ್ಪನ ಆಫೀಸಿನ ಯುರೋಪಿಯನ್ ಒಬ್ಬರು ಕೆಲಸ ಬಿಟ್ಟು ಹೋಗುವಾಗ ತಮ್ಮ ಡಿವಿಡಿಗಳನ್ನೆಲ್ಲ ಹಂಚಿ ಹೋದರು. ನಮ್ಮ ಪಾಲಿಗೆ ಬಂದದ್ದು ಹೆಸರೂ ಓದಲು ಬಾರದ ಒಂದು ಸಿನಿಮಾ. ಯುರೋಪಿನ ಯಾವುದೋ ಚಳಿಯೂರಿನ ವಿಧವೆಯೊಬ್ಬಳು ಉದ್ದ ಬಾನೆಟ್ಟಿನ ಕೆಂಪು ಅಮೆರಿಕನ್ ಕಾರು ಹತ್ತಿ ದಕ್ಷಿಣದ ಸಮುದ್ರಕ್ಕೆ ಹೊರಡುವ ಕಥೆ. ಗಿಟಾರು, ಕಪ್ಪು ಕನ್ನಡಕ, ರಸ್ತೆ ಬದಿಯ ಹೋಟೆಲು, ಎಲ್ಲವೂ ಅಮೆರಿಕದ ಸಿನಿಮಾಗಳ ಹಾಗೆ. ಆದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಗಡಿ ಬಂದು ಭಾಷೆ ಬದಲಾಗುತ್ತಿತ್ತು. ಹಳ್ಳಿಯ ಓಣಿಗಳಲ್ಲಿ ಆ ಕಾರು ಹಿಡಿಯುತ್ತಲೇ ಇರಲಿಲ್ಲ.

ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಇಂಗ್ಲಿಷ್ ಶಾಲೆಯ ನನ್ನ ಕನ್ನಡ ಅಷ್ಟಕ್ಕಷ್ಟೇ. ಹೊರಡುವ ಮುಂಚೆ ಆ ಹೆಂಗಸು ಅಳುಕಿ ಆಡಿದ 'ಕೋಲ್ಡ್ ಫೀಟ್' ಎಂಬ ಮಾತನ್ನು ಪದಕ್ಕೆ ಪದ ಹಾಕಿ, ಅವಳ ಕಾಲು ತಣ್ಣಗಾಗಿದೆಯಂತೆ ಎಂದೆ.

"ಸಾಕ್ಸ್ ಹಾಕ್ಲಿಕ್ಕೆ ಹೇಳು" ಎಂದಳು ಅಮ್ಮ.

ಅಪ್ಪ ಬಿದ್ದು ಬಿದ್ದು ನಕ್ಕು, ಅವಳಿಗೆ ಹೆದರಿಕೆಯಾಗಿದೆ ಎಂದು ತಿದ್ದಿದರು. ಅಮ್ಮ ನಗಲಿಲ್ಲ. ಅಲ್ಲಿಂದ ಮುಂದೆ ಟೀವಿಯಿಂದ ಕಣ್ಣು ಕೀಳಲಿಲ್ಲ.

"ಅಮೆರಿಕದವರ ಹಾಗೆ ಮಾಡ್ಲಿಕ್ಕೆ ಹೋಗಿದ್ದಾರೆ. ಪಾಪ, ಅವರಿಗೆ ಅಷ್ಟುದ್ದದ ರಸ್ತೆಯೇ ಇಲ್ಲ" ಎಂದರು ಅಪ್ಪ.

"ಆದ್ರೂ ಹೋಗ್ತಾ ಇದ್ದಾಳಲ್ಲ" ಎಂದಳು ಅಮ್ಮ.

ಮುಂದಿನ ಶುಕ್ರವಾರ ಬೆಳಿಗ್ಗೆ ಅಮ್ಮ ಚಪಾತಿಯೊಳಗೆ ಮೊಟ್ಟೆ ಪಲ್ಯ ಸುತ್ತಿ ಡಬ್ಬಿಗೆ ತುಂಬಿದಳು. ಎಲ್ಲಿಗೆಂದು ಕೇಳಿದರೆ, ರಸ್ತೆ ಮುಗಿಯುವವರೆಗೆ ಎಂದಳು. ಕೈಯಲ್ಲಿ ಲೈಸೆನ್ಸಿತ್ತು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

ಮೊದಲ ರೌಂಡಬೌಟಿನೊಳಗೆ ಹೋದದ್ದೇನೋ ಆಯಿತು, ಹೊರಗೆ ಬರಲಾಗಲಿಲ್ಲ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಗೆ, ಹೊರಬೀಳುವುದೂ ಬಲಕ್ಕೇ. ಬಲಗಡೆಯ ಗಾಡಿಗಳು ಜಾಗ ಕೊಡುತ್ತಿರಲಿಲ್ಲ. ಒಂದು ಸುತ್ತು, ಎರಡು ಸುತ್ತು, ಮೂರು. ತಮ್ಮ ಖುಷಿಯಿಂದ ಲೆಕ್ಕ ಹಾಕತೊಡಗಿದ. ಅಪ್ಪನ ಕೈ ಹ್ಯಾಂಡ್‌ಬ್ರೇಕಿನತ್ತ ಹೋಯಿತು. "ನೀವು ಮುಟ್ಟಬೇಡಿ" ಎಂದಳು ಅಮ್ಮ. ನಾಲ್ಕನೇ ಸುತ್ತಿನಲ್ಲಿ ಕಿಟಕಿ ಇಳಿಸಿ ಕೈ ಹೊರಗೆ ಚಾಚಿ ಕಾರಿನ ಮೇಲಿನಿಂದ ಬಲಕ್ಕೆ ಬೀಸಿದಳು. ಪಕ್ಕದ ನೀರಿನ ಟ್ಯಾಂಕರಿನವನು ನಿಧಾನಿಸಿ "ಯಲ್ಲಾ", ಹೊರಡು ಎಂದು ದಾರಿ ಬಿಟ್ಟ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಚಪ್ಪಾಳೆ ತಟ್ಟಿದೆವು.

ಊರು ದಾಟಿದ ಮೇಲೆ ಮರಳು, ಕರೆಂಟಿನ ಕಂಬ, ಬೇಲಿಯಾಚೆ ಒಂಟೆ. ಯಾರು ಮೊದಲು ಒಂಟೆ ನೋಡುತ್ತಾರೆಂದು ನಾನೂ ತಮ್ಮನೂ ಪಂದ್ಯ ಕಟ್ಟಿದೆವು. ಪೆಟ್ರೋಲು ಹಾಕಿಸುವಲ್ಲಿ ಸಿಕ್ಕ ಕರಕ್ ಚಾಯಿಯ ಏಲಕ್ಕಿ ಪರಿಮಳ ಕಾರಿನೊಳಗೆಲ್ಲ ತುಂಬಿತ್ತು. ಒಂದೂವರೆ ಗಂಟೆಯಲ್ಲಿ ಉತ್ತರದ ಅಲ್ ರುವೈಸ್ ಬಂತು. ಮುಂದೆ ಮೀನಿನ ದೋಣಿಗಳು, ಸಮುದ್ರ.

"ಖಲಾಸ್, ದೇಶ ಮುಗಿಯಿತು" ಎಂದರು ಅಪ್ಪ.

"ಇಷ್ಟೇಯಾ?" ಅಮ್ಮನ ಮುಖ ಸಣ್ಣದಾಯಿತು. ಇಂಜಿನ್ ಇನ್ನೂ ಆರಿಸಿರಲಿಲ್ಲ. "ಪಶ್ಚಿಮಕ್ಕೆ ಎಂತ ಉಂಟು?"

ದುಖಾನ್ ಇದೆ, ಅಲ್ಲಿಯೂ ಸಮುದ್ರವೇ, ಆದರೆ ತುಂಬ ದೂರ ಎಂದರು ಅಪ್ಪ. ದೂರ ಎಂಬ ಮಾತು ಕೇಳಿ ಅಮ್ಮನಿಗೆ ಖುಷಿಯಾಯಿತು. ದೋಣಿಗಳ ಎದುರೇ ಕೂತು ಚಪಾತಿ ತಿಂದು ಹೊರಟೆವು. ದಾರಿ ಎರಡು ಸಲ ತಪ್ಪಿತು. ಅಪ್ಪ ನಿದ್ದೆಹೋದರು. ಅಮ್ಮ ಓಡಿಸುವಾಗ ಅವರು ಕಣ್ಣು ಮುಚ್ಚಿದ್ದು ಅದೇ ಮೊದಲು.

ದುಖಾನ್ ತಲುಪುವಾಗ ಸಂಜೆ. ದೋಹಾದ ಸಮುದ್ರ ಪೂರ್ವಕ್ಕೆ. ಅಲ್ಲಿ ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಾನೆ. ಇಲ್ಲಿ ನಮ್ಮೂರು ಉಳ್ಳಾಲದ ಹಾಗೆ ನೀರಿನೊಳಕ್ಕೇ ಇಳಿಯುತ್ತಿದ್ದ. ಅಮ್ಮ ಚಪ್ಪಲಿ ಬಿಟ್ಟು ಮೊಣಕಾಲಿನವರೆಗೆ ನೀರಿಗಿಳಿದಳು. ಹತ್ತು ವರ್ಷವಾಯಿತು ಹೀಗೆ ನೋಡದೆ ಎಂದಳು. ಆಮೇಲೆ ತಿರುಗಿ ಅಪ್ಪನಿಗೆ, "ಈ ಸಲ ನಾನೇ ಕರ್ಕೊಂಡು ಬಂದದ್ದು ನಿಮ್ಮನ್ನು" ಎಂದಳು. ಅಪ್ಪ ಪ್ಯಾಂಟು ಮಡಚಿಕೊಂಡು ಅವಳ ಪಕ್ಕ ಹೋಗಿ ನಿಂತರು.

ಈಗ ಆ ರೌಂಡಬೌಟುಗಳೆಷ್ಟೋ ಇಲ್ಲ, ಮೇಲ್ಸೇತುವೆಗಳಾಗಿವೆ. ಹೊರಡುವ ಮುಂಚೆಯೇ ಫೋನು ತಲುಪುವ ಹೊತ್ತು ಹೇಳಿಬಿಡುತ್ತದೆ. ಅಪ್ಪ ಅಮ್ಮ ಅಲ್ ಥುಮಾಮಾದಲ್ಲಿ, ನಾನು ಅಲ್ ವಕ್ರಾದಲ್ಲಿ, ತಮ್ಮ ಇನ್ನೊಂದು ಕಡೆ. ಎಲ್ಲಿಗೆ ಹೋದರೂ ಮೂರು ಕಾರು. ಕಳೆದ ತಿಂಗಳು ಸಿಗ್ನಲಿನಲ್ಲಿ ಅಮ್ಮನ ಕಾರು ನನ್ನ ಪಕ್ಕವೇ ನಿಂತಿತ್ತು. ಅಮ್ಮ ಏನೋ ಹೇಳಿದಳು, ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ಗಾಜುಗಳ ಈಚೆ ಕೂತ ನನಗೆ ಅದೇನೆಂದು ಕೇಳಿಸಲಿಲ್ಲ.