ಡಾಕ್ಟರಮ್ಮನ ಸಾಲಕ್ಕೆ ಬೀದಿಯ ಮುಯ್ಯಿ

ಬಿಪಿ ತೋರಿಸಲು ಹೋದವನು ಮೊನ್ನೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಸಿಕ್ಕಿಹಾಕಿಕೊಂಡೆ. ಜಾಗ, ಮಂಡ್ಯದ ನಮ್ಮ ಬೀದಿಯ ಸರ್ಕಾರಿ ಕ್ಲಿನಿಕ್. ಹೆಣ್ಣು, ಅಲ್ಲಿನ ಡಾಕ್ಟರು. ಆಕೆಗೆ ಮಾತ್ರ ವಿಷಯ ಗೊತ್ತಿರಲಿಲ್ಲ.

ಡಾ. ಸಹನಾ ಮಳವಳ್ಳಿ ಕಡೆಯವರು. ಬ್ಯಾಂಕ್ ಸಾಲದಲ್ಲಿ ಎಂಬಿಬಿಎಸ್ ಓದಿದವರು. ಅವರು ಬರುವ ಮೊದಲು ನಮ್ಮಲ್ಲಿ ಜ್ವರ ಬಂದರೆ ಮೆಡಿಕಲ್ ಸ್ಟೋರಿನವನೇ ಡಾಕ್ಟರು. ಈಗ ಆಟೋದವರು, ಮನೆಗೆಲಸದವರು, ಪೌರಕಾರ್ಮಿಕರು ಎಲ್ಲರೂ ಇವರ ಹತ್ತಿರವೇ. ಆದರೆ ಕ್ಲಿನಿಕ್ಕಿನ ಸಂಬಳಕ್ಕೂ ಇಎಂಐಗೂ ತಾಳಮೇಳವಿಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದು ಕೈತುಂಬ ಸಂಬಳಕ್ಕೆ ಕರೆದಿದೆ. ಸೋಮವಾರ ಉತ್ತರ ಕೊಡಬೇಕು.

ಸುದ್ದಿ ಸೊಪ್ಪು ಮಾರುವ ಚಿಕ್ಕತಾಯಮ್ಮನ ಕಿವಿಗೆ ಬಿತ್ತು. (ಅಲ್ಲಿಗೆ ಬಿದ್ದರೆ ಮದ್ದೂರಿಗೆ ಮುಟ್ಟಿದ ಹಾಗೇ ಲೆಕ್ಕ.) ನನ್ನ ಸರದಿ ಮುಗಿಯುವ ಮೊದಲೇ ಒಳಗೆ ನುಗ್ಗಿದವರೇ ಶುರು ಮಾಡಿದರು.

"ಮದ್ವೆ ಆಗ್ಬುಡು ಕಣವ್ವ."

"ಯಾಕಮ್ಮ?" ನನ್ನ ತೋಳಿಗೆ ಪಟ್ಟಿ ಸುತ್ತುತ್ತಿದ್ದ ಡಾಕ್ಟರು ಕೇಳಿದರು.

"ಸಾಲ ತೀರ್ಸಕೆ. ಸುಮ್ನೆ ದುಡ್ ಕೊಟ್ರೆ ನೀನು ಈಸ್ಕಳಾಕಿಲ್ಲ. ಮದ್ವೇಲಿ ಬೀದಿಯೋರೆಲ್ಲ ಮುಯ್ಯಿ ಮಾಡ್ತೀವಿ, ಬ್ಯಾಡ ಅನ್ನಕಾಯ್ತದಾ? ಮದ್ದೂರಿನ ಮೇಷ್ಟ್ರು ಆಚೆ ಕೂತವ್ರೆ. ಒಳ್ಳೆ ಉಡ್ಗ."

ಇಣುಕಿ ನೋಡಿದೆ. ಇಸ್ತ್ರಿ ಶರ್ಟಿನ ಬಡಪಾಯಿಯೊಬ್ಬರು ರೋಗಿಗಳ ನಡುವೆ ಬೆವರುತ್ತಿದ್ದರು. ಡಾಕ್ಟರು ಕರೆದು ಅವರ ಬಿಪಿಯನ್ನೂ ನೋಡಿದರು. ಏರಿತ್ತು. ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳಿಸಿದರು.

ನಕ್ಕು ನಕ್ಕು ಸಾಕಾದ ಮೇಲೆ ಡಾಕ್ಟರು ಮೆಲ್ಲಗೆ ಹೇಳಿದರು. "ಹೋಗೋಕೆ ಇಷ್ಟ ಇಲ್ಲ ಸರ್. ಆದರೆ ಸಾಲಕ್ಕೆ ಶ್ಯೂರಿಟಿ ಹಾಕಿರೋದು ಅಪ್ಪ. ಕಂತು ತಪ್ಪಿದರೆ ಬ್ಯಾಂಕಿನೋರು ಅವರಿಗೇ ಫೋನ್ ಮಾಡ್ತಾರೆ."

ಮಾತ್ರೆ ಚೀಟಿ ಜೇಬಿಗಿಟ್ಟುಕೊಂಡು ಆಚೆ ಬಂದೆ.

ಇಂಥ ಬೀದಿಗಳಲ್ಲಿ ಒಂದಷ್ಟು ವರ್ಷ ದುಡಿಯಿರಿ, ನಿಮ್ಮ ಓದಿನ ಸಾಲ ನಾವು ಮನ್ನಾ ಮಾಡಿಸುತ್ತೇವೆ ಎಂದರೆ ಸರ್ಕಾರದ ಗಂಟೇನು ಹೋಗುತ್ತದೆ? ಡಾಕ್ಟರು ಸಿಗದಿರುವುದು ಹಳ್ಳಿಗಳಲ್ಲಿ ಮಾತ್ರ ಅಂದುಕೊಂಡಿದ್ದಾರಾ? ಜಿಲ್ಲಾ ಕೇಂದ್ರದೊಳಗೇ ಇದ್ದೀವಲ್ಲ ನಾವು. ಇದರಲ್ಲಿ ಯಾರೂ ಯಾರಿಗೂ ದಾನ ಮಾಡುತ್ತಿಲ್ಲ. ಮುಯ್ಯಿ ಅಂದರೇನು? ನಮ್ಮ ಮನೆಗೆ ಮಾಡಿದವರಿಗೆ ನಾವು ತಿರುಗಿ ಮಾಡುವುದು. ಆಕೆ ನಮಗೆ ಆಗಲೇ ಮಾಡಿದ್ದಾರೆ. ತಿರುಗಿಸುವ ಸರದಿ ನಮ್ಮದು.

ನಾಳೆ ಸೋಮವಾರ. ಚಿಕ್ಕತಾಯಮ್ಮ ದುದ್ದದ ಕಡೆ ಇನ್ನೊಂದು ಗಂಡು ಹುಡುಕುತ್ತಿದ್ದಾರೆ.

ಸರ್ಕಾರ ಏನು ಹುಡುಕುತ್ತಿದೆ?