ದಶಕದ ಎರಡನೆಯ ಆಟಗಾರ್ತಿ

ನಮ್ಮ ಹಾಕಿ ಲೀಗ್‌ಗೆ ಮೈದಾನವಿರಲಿಲ್ಲ. ಅದು ನಡೆಯುತ್ತಿದ್ದದ್ದು ಯಾದಗಿರಿಯಲ್ಲಿ, ನನ್ನ ಮನೆಯ ಲ್ಯಾಪ್‌ಟಾಪಿನೊಳಗೆ. ಕಾಲೇಜಿನಲ್ಲಿ ಒಂದೇ ತಂಡಕ್ಕೆ ಆಡಿದ ನಾವು ಮೂವರು, ಮದುವೆ ನೌಕರಿ ಎಂದು ಚದುರಿದ ಮೇಲೆ ಇದನ್ನು ಹಚ್ಚಿಕೊಂಡೆವು. ನಾನು ಯಾದಗಿರಿಯಲ್ಲೇ ಉಳಿದೆ. ಒಬ್ಬಳು ಶಹಾಪುರದಲ್ಲಿ ಗಂಡನ ಔಷಧದಂಗಡಿಯಲ್ಲಿ ಕೂರುತ್ತಾಳೆ. ಇನ್ನೊಬ್ಬಳು ಸುರಪುರದಲ್ಲಿ ಶಾಲಾ ಶಿಕ್ಷಕಿ.

ಒಬ್ಬೊಬ್ಬರಿಗೆ ಎರಡೆರಡು ತಂಡ. ಪ್ರತಿಯೊಬ್ಬ ಆಟಗಾರ್ತಿಗೂ ಓಟಕ್ಕೆ ಇಷ್ಟು, ಸ್ಟಿಕ್ಕಿನ ಕೈಚಳಕಕ್ಕೆ ಇಷ್ಟು, ದಮ್ಮಿಗೆ ಇಷ್ಟು ಎಂದು ಅಂಕ ಕೊಡುತ್ತಿದ್ದೆವು. ಭಾನುವಾರ ಊಟವಾದ ಮೇಲೆ ನಾನು ಗುಂಡಿ ಒತ್ತುತ್ತಿದ್ದೆ. ಕಂಪ್ಯೂಟರ್ ತನ್ನಷ್ಟಕ್ಕೆ ಪಂದ್ಯ ಆಡಿಸಿ, ಯಾರು ಚೆಂಡು ಹೊಡೆದರು, ಯಾರು ಬಿದ್ದರು ಎಂದು ಸಾಲು ಸಾಲಾಗಿ ತೋರಿಸುತ್ತಿತ್ತು. ಆ ಕನ್ನಡದ ಸಾಲುಗಳನ್ನೆಲ್ಲ ಮೊದಲೇ ಬರೆದು ತುಂಬಿಸಿದ್ದವಳು ನಾನೇ. ಯಾವಾಗ ಯಾವ ಸಾಲು ಎತ್ತಿಕೊಳ್ಳಬೇಕೆಂಬುದು ಮಾತ್ರ ಕಂಪ್ಯೂಟರಿನ ಇಚ್ಛೆ. ನಮಗೊಂದು ವರ್ಷವಾದರೆ ಆ ಹುಡುಗಿಯರಿಗೂ ಒಂದು ವರ್ಷ ವಯಸ್ಸಾಗುತ್ತಿತ್ತು. ಅವರಿಗೆ ಪೆಟ್ಟಾಗುತ್ತಿತ್ತು, ವಾಸಿಯಾಗುತ್ತಿತ್ತು. ವಯಸ್ಸು ಮೀರಿದಾಗ ಕಂಪ್ಯೂಟರೇ ಅವರನ್ನು ಆಟದಿಂದ ನಿವೃತ್ತಿ ಮಾಡಿ, ಆ ಜಾಗಕ್ಕೆ ಹೊಸಬಳನ್ನು ತರುತ್ತಿತ್ತು.

ಹೆಸರುಗಳಿಗಾಗಿ ನಾವು ದೂರ ಹೋಗಲಿಲ್ಲ. ಹಾಸ್ಟೆಲಿನ ಗೆಳತಿಯರು, ಎದುರು ಆಡಿದವರು, ಕೊನೆಗೆ ನಾವು ಮೂವರೂ ಅದರಲ್ಲಿದ್ದೆವು. ನನ್ನ ತಂಡದ ಎಡ ಅಂಚಿಗೆ, ಅಂದರೆ ಲೆಫ್ಟ್ ವಿಂಗಿಗೆ, ನಾನು ಹಾಕಿಕೊಂಡದ್ದು ರಾಮಸಮುದ್ರದ ಕಡೆಯ ಒಬ್ಬ ಹುಡುಗಿಯನ್ನು. ಕುರಿ ಸಾಕುವವರ ಮನೆಯವಳು. ನಿಜವಾದ ಮೈದಾನದಲ್ಲಿ ಅವಳ ಓಟವನ್ನು ಕಂಡವರು ಮರೆಯುವುದಿಲ್ಲ. ಕಾಲೇಜು ತಂಡಕ್ಕೆ ನಾನು ಹೆಸರಿಗಷ್ಟೇ ಕ್ಯಾಪ್ಟನ್. ಚೆಂಡು ಅವಳಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು, ಉಳಿದದ್ದು ಅವಳದು. ಕಾಲೇಜಿನ ಎರಡನೆಯ ವರ್ಷ ರಜೆಗೆ ಊರಿಗೆ ಹೋದವಳು ಮರಳಿ ಬರಲಿಲ್ಲ. ಹುಡುಕಿಕೊಂಡು ಹೋದರೆ ಮನೆಗೆ ಬೀಗ. "ಕುರಿ ಹಿಂದ ಹೋಗ್ಯಾರ. ಅಲ್ಲೇ ಎಲ್ಲೋ ಮಗಳ ಮದಿವಿನೂ ಮಾಡ್ತಾರಂತ," ಎಂದಳು ಪಕ್ಕದ ಮನೆಯ ಮುದುಕಿ. ಅಲ್ಲಿಗೆ ಅವಳ ಸುದ್ದಿ ಮುಗಿಯಿತು. ಲೀಗಿನಲ್ಲಿ ಮಾತ್ರ ಪ್ರತಿ ವಾರ ಓಡುತ್ತಿದ್ದಳು.

ಹತ್ತು ವರ್ಷ ತುಂಬಿದಾಗ ಸುರಪುರದ ಗೆಳತಿ, "ಇಷ್ಟು ವರ್ಷದಾಗ ಭಾಳ ಚಲೋ ಆಡಿದೋರು ಯಾರಂತ ಒಂದು ಸಲ ಗಟ್ಟಿ ಮಾಡೂಣು," ಎಂದಳು. ಹತ್ತು ಜನರನ್ನು ಆರಿಸಿ ಮೇಲಿನಿಂದ ಕೆಳಗೆ ಇಡಬೇಕು. ಫೋನಿನಲ್ಲಿ ವಾರಗಟ್ಟಲೆ ಜಗಳವಾಯಿತು. ಅವಳಿಗೆ ತನ್ನ ಗೋಲ್‌ಕೀಪರೇ ಮೊದಲು. ಶಹಾಪುರದವಳು ಗೋಲು ಎಣಿಸು ಎನ್ನುತ್ತಾಳೆ. ಗೋಲು ತಡೆದವಳಿಗೂ ಗೋಲು ಹೊಡೆದವಳಿಗೂ ತಕ್ಕಡಿ ಒಂದೇ ಹೇಗಾದೀತು? ಕೊನೆಗೆ ತೀರ್ಪು ನನ್ನ ಕೊರಳಿಗೆ ಬಿತ್ತು. ಒಬ್ಬೊಬ್ಬ ಆಟಗಾರ್ತಿಯ ಹತ್ತೂ ವರ್ಷದ ಆಟವನ್ನು ಮೊದಲಿನಿಂದ ಓದಿ ಹೇಳುತ್ತೇನೆಂದು ಒಪ್ಪಿಕೊಂಡೆ. ಅಲ್ಲಿಯವರೆಗೆ ಹತ್ತನೆಯ ವರ್ಷವನ್ನು ಮುಗಿಸುವ ಗುಂಡಿ ಒತ್ತಬಾರದೆಂದೂ ಮಾತಾಯಿತು, ಏಕೆಂದರೆ ಒತ್ತಿದರೆ ಎಲ್ಲರ ಅಂಕಗಳೂ ಬದಲಾಗುತ್ತವೆ.

ಬೇಸಿಗೆಯ ಮಧ್ಯಾಹ್ನಗಳು. ಕೂಲರಿನ ಮುಂದೆ ಕುಳಿತು ಓದುತ್ತಿದ್ದೆ. ವಾರಕ್ಕೊಮ್ಮೆ ನೋಡಿ ಮರೆತದ್ದನ್ನು ಒಟ್ಟಿಗೆ ಓದಿದಾಗ ಆಟ ಬೇರೆಯೇ ಕಾಣುತ್ತದೆ. ಎಡ ಅಂಚಿನವಳು ಮೊದಲೆರಡು ವರ್ಷ ಗಾಳಿಯಂತೆ ಆಡಿದ್ದಳು. ಮೂರನೆಯ ವರ್ಷ ಎಡ ಭುಜಕ್ಕೆ ಪೆಟ್ಟು ಬಿದ್ದು ಬಹಳ ದಿನ ಹೊರಗಿದ್ದಳು. ಆರನೆಯ ವರ್ಷ ಮಾತ್ರ ನನಗೆ ತಿಳಿಯಲಿಲ್ಲ. ಗಾಯವಿಲ್ಲ, ಅಂಕ ಕಡಿಮೆಯಾಗಿಲ್ಲ, ಆದರೂ ವರ್ಷವಿಡೀ ಒಂದು ಗೋಲಿಲ್ಲ. ಪಂದ್ಯದಿಂದ ಪಂದ್ಯಕ್ಕೆ ಅವಳ ಹೆಸರಿನ ಮುಂದೆ ಒಂದೇ ಸಾಲು: "ಚೆಂಡು ಬಿಟ್ಟು ಅಂಚಿನಲ್ಲಿ ನಿಂತಿದ್ದಾಳೆ, ಹೊರಗೆ ನೋಡುತ್ತಿದ್ದಾಳೆ."

ಆ ಸಾಲನ್ನು ನಾನೇ ಬರೆದಿರಬೇಕು. ಬೇರೆ ಯಾರೂ ಆ ಲ್ಯಾಪ್‌ಟಾಪ್ ಮುಟ್ಟಿಲ್ಲ. ಆದರೆ ಬರೆದ ನೆನಪಿಲ್ಲ. ಬೇರೆ ಯಾವ ಆಟಗಾರ್ತಿಗೂ ಆ ಸಾಲು ಬಿದ್ದದ್ದನ್ನು ನಾನು ಕಾಣಲಿಲ್ಲ. ಹುಡುಕಿ ಹುಡುಕಿ ನೋಡಿದೆ.

ಅದೇ ವಾರ ಶಹಾಪುರದಿಂದ ಫೋನ್ ಬಂತು.

"ಆಕಿ ಸಿಕ್ಕಾಳ," ಎಂದಳು ಗೆಳತಿ.

"ಯಾರು?"

"ನಿನ್ನ ಲೆಫ್ಟ್ ವಿಂಗ್. ನಮ್ಮ ದುಕಾನಕ್ಕ ಬಂದಿದ್ಳು, ಮುಲಾಮು ಕೇಳಾಕ. ನಾ ಮಾರಿ ನೋಡಿ ಗುರುತು ಹಿಡದೆ. ಇದ ಊರಾಗ ಖಾನಾವಳಿ ಹಾಕ್ಯಾಳ."

"ಮುಲಾಮು ಯಾತಕ್ಕ?"

"ಭುಜಕ್ಕ. ಎಡಗಡಿದು. ಹಳೇ ಪೆಟ್ಟಂತ, ಆಗಾಗ ಏಳತದಂತ."

ಅವಳ ಮೂರನೆಯ ವರ್ಷದ ಪುಟ ನನ್ನ ಎದುರಿಗೇ ತೆರೆದಿತ್ತು.

"ಲೀಗಿನ ಸುದ್ದಿ, ಪಟ್ಟಿ ಮಾಡಾಕತ್ತಿದ್ದು ಎಲ್ಲಾ ಹೇಳ್ದೆ," ಎಂದು ಅವಳು ಮುಂದುವರಿಸಿದಳು. "ನಗ್ತಾಳಂತ ಮಾಡಿದ್ದೆ. ನಗಲಿಲ್ಲ. ಕ್ಯಾಪ್ಟನ್‌ಗ ಅದನ್ನ ತಗೊಂಡು ಬಾ ಅನ್ನು, ನಾ ನೋಡಬೇಕು ಅಂದ್ಳು."

ಹೋಗುವ ಮುನ್ನ ನಾನು ಮಾಡಿದ ಮೊದಲ ಕೆಲಸ ನನ್ನದೇ ಹೆಸರು ತೆಗೆದು ನೋಡಿದ್ದು. ನನ್ನ ಹೊಟ್ಟೆಯ ಆಪರೇಷನ್ ಆದ ವರ್ಷ ಲೀಗಿನ ನಾನು ಒಂದು ಪಂದ್ಯವನ್ನೂ ಬಿಟ್ಟಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅವಳು ಎಂದಿನಂತೆ ಆಡಿದ್ದಳು. ಯಾವುದೂ ತಾಳೆಯಾಗಲಿಲ್ಲ. ಜೀವ ಹಗುರಾಯಿತು. ಜೊತೆಗೆ, ಹೇಳಲು ನಾಚಿಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಭೀಮಾ ಸೇತುವೆ ದಾಟುವಾಗ ಕೆಳಗೆ ಬರೀ ಮರಳು, ಬಂಡೆ, ನಡುವೆ ನೀರಿನ ಒಂದು ಗೆರೆ. ಮಲಗಿದ ಮನುಷ್ಯನಂತೆ ಕಾಣುವ ಶಹಾಪುರದ ಗುಡ್ಡ ಎಂದಿನಂತೆ ಅಂಗಾತ ಬಿದ್ದಿತ್ತು. ಗೆಳತಿ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋದಳು.

ಖಾನಾವಳಿ ಚಿಕ್ಕದು, ಸ್ವಚ್ಛ. ಊಟದವರು ಎದ್ದುಹೋಗಿದ್ದರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅದು ನಿಂತಿತು, ಅವಳು ಹೊರಗೆ ಬಂದಳು. ಮೈ ತುಂಬಿತ್ತು, ಮುಖ ಅದೇ.

"ಬಾ ಕ್ಯಾಪ್ಟನ್," ಎಂದಳು, ನಿನ್ನೆ ಬಿಟ್ಟುಹೋದವರನ್ನು ಕರೆಯುವಂತೆ. "ಊಟ ಆಮ್ಯಾಲ. ಮೊದಲ ತೋರ್ಸು."

ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ವರ್ಷ ವರ್ಷವಾಗಿ ಓದಿ ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತ ನಿಂತೇ ಕೇಳಿದಳು. ಭುಜದ ಪೆಟ್ಟಿನ ವರ್ಷ ಬಂದಾಗ, "ಟ್ರ್ಯಾಕ್ಟರ್ ಟ್ರಾಲಿ ಮ್ಯಾಲಿಂದ ಬಿದ್ದಿದ್ನಿ," ಎಂದಳು. "ಭಾಳ ದಿನ ಕೈ ಎತ್ತಾಕ ಬರಲಿಲ್ಲ."

ಆರನೆಯ ವರ್ಷದ ಆ ಸಾಲನ್ನು ಓದಲೋ ಬೇಡವೋ ಎಂದು ತಡೆದೆ. ಅವಳೇ ಬಗ್ಗಿ ಓದಿಕೊಂಡಳು.

"ಆ ವರ್ಷ ಹೊಟ್ಟ್ಯಾಗಿನ ಕೂಸು ಹೋತು," ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ನಾ ಬಾಗಲದಾಗ ನಿಂದ್ರೂದು, ಹೊರಗ ನೋಡೂದು. ಬ್ಯಾರೆ ಏನೂ ಮಾಡಲಿಲ್ಲ."

ಒಂಬತ್ತನೆಯ ವರ್ಷ ಅವಳು ಲೀಗಿನಲ್ಲೇ ಹೆಚ್ಚು ಗೋಲು ಹೊಡೆದಿದ್ದಳು. ಅದು ಅವಳು ಖಾನಾವಳಿ ಹಾಕಿದ ವರ್ಷ.

ನಾನು ಬುದ್ಧಿ ಹೇಳಲು ನೋಡಿದೆ. "ಇದು ಚೀಟಿ ಎತ್ತಿದಂಗ. ಹತ್ತು ವರ್ಷದಾಗ ಯಾರಿಗಿ ಪೆಟ್ಟಾಗಂಗಿಲ್ಲ, ಯಾರಿಗಿ ದುಃಖ ಬರಂಗಿಲ್ಲ ಹೇಳು? ಹುಡುಕಿದ್ರ ಎಲ್ಲಾರದೂ ಕೂಡತದ."

"ನಿಂದು ಕೂಡ್ಯಾದೇನು?" ಎಂದು ಕೇಳಿದಳು.

ಔಷಧದಂಗಡಿಯ ಗೆಳತಿಗೆ ಆಗಲೇ ಹೆದರಿಕೆ ಹತ್ತಿತ್ತು. "ಇಕಿ ಹೆಸರು ಅಳಸಿಬಿಡು. ಈಗಿಂದೀಗ ಅಳಸು," ಎಂದಳು.

"ಅಳಸಬ್ಯಾಡ," ಎಂದಳು ಅವಳು. "ಅಳಸಿದ್ರ ಆಡಿದ್ದೂ ಹೋಗ್ತದ. ನಾ ಎಷ್ಟನೇದಾಕಿ, ಅದನ್ನ ಹೇಳು."

"ಎರಡನೇದಾಕಿ."

"ಮೊದಲ ಯಾರು?"

"ಸುರಪುರದಾಕಿಯ ಗೋಲ್‌ಕೀಪರ್. ಆಕಿ ಒಂದು ವರ್ಷನೂ ತಪ್ಪಿಲ್ಲ. ನೀ ಇದ್ದಾಗ ನಿನ್ನ ಮುಂದ ಯಾರೂ ಇಲ್ಲ. ಆದ್ರ ನಡು ನಡು ಇರಲೇ ಇಲ್ಲಲ್ಲ."

"ಬರೋಬರಿ ಅದ," ಎಂದಳು. ಆಮೇಲೆ ಪರದೆಯ ಮೂಲೆಯಲ್ಲಿದ್ದ ಗುಂಡಿಯನ್ನು ತೋರಿಸಿ, "ಇದೇನು?" ಎಂದು ಕೇಳಿದಳು.

ಅಲ್ಲಿ "ವರ್ಷ ಮುಗಿಸು" ಎಂದಿತ್ತು. ಒತ್ತಿದರೆ ಮುಂದಿನ ವರ್ಷ ಬರುತ್ತದೆಂದೂ, ಇವತ್ತು ಅದು ಬೇಡವೆಂದೂ ಹೇಳಿದೆ. ಅವಳು ನನ್ನ ಕೈ ಸರಿಸಿ ತಾನೇ ಒತ್ತಿದಳು. ಚಕ್ರ ತಿರುಗಿತು. ಹೊಸ ವರ್ಷದ ಪುಟದಲ್ಲಿ ಮೊದಲು ನಿವೃತ್ತರಾದವರ ಹೆಸರು ಬರುತ್ತದೆ. ಒಂದೇ ಹೆಸರಿತ್ತು, ಅವಳದು. ಮೂವತ್ತನ್ನು ಆಗಷ್ಟೇ ದಾಟಿದವರು ನಮ್ಮ ಲೀಗಿನಲ್ಲಿ ಅಲ್ಲಿಯವರೆಗೆ ನಿವೃತ್ತರಾದದ್ದಿಲ್ಲ.

ಒಲೆಕಟ್ಟೆಯ ಮೇಲೆ ಮಡಿಚಿಟ್ಟ ರೊಟ್ಟಿ ಆರಿಹೋಗಿತ್ತು.

"ಮುಗೀತು," ಎಂದಳು ಅವಳು. "ಕೈ ತೊಳಕೋರಿ, ಊಟ ಮಾಡೂಣು."

ಆಮೇಲಿನ ದಿನಗಳಲ್ಲಿ ನನಗೆ ನೆಮ್ಮದಿಯಿರಲಿಲ್ಲ. ಬೆಳಗ್ಗೆ ಎದ್ದೊಡನೆ ಶಹಾಪುರಕ್ಕೆ ಫೋನ್ ಮಾಡಿ "ಆಕಿ ಹೆಂಗ ಅದಾಳ?" ಎಂದು ಕೇಳುತ್ತಿದ್ದೆ. ಗೆಳತಿ ದಿನವೂ ನೋಡಿಬಂದು, "ಚಲೋ ಅದಾಳ. ರೊಟ್ಟಿ ಮಾಡಾಕತ್ತಾಳ," ಎನ್ನುತ್ತಿದ್ದಳು. ಹೀಗೇ ಮಳೆಗಾಲ ಬಂತು, ಹೋಯಿತು. ಏನೂ ಆಗಲಿಲ್ಲ. ನನ್ನ ಭಯಕ್ಕೆ ನಾನೇ ನಕ್ಕು, ಕೇಳುವುದನ್ನು ಬಿಟ್ಟೆ.

ಚಳಿ ಬೀಳುವ ಹೊತ್ತಿಗೆ ಸುರಪುರದ ಗೆಳತಿ ನಮ್ಮೆಲ್ಲರನ್ನು ಮನೆಗೆ ಕರೆದಳು. ತನ್ನ ಗೋಲ್‌ಕೀಪರ್ ಮೊದಲು ಬಂದದ್ದಕ್ಕೆ ಹೋಳಿಗೆ ಊಟ. ಎಡ ಅಂಚಿನವಳೂ ಬಂದಳು. ಊಟವಾದ ಮೇಲೆ ನಾವಿಬ್ಬರೇ ಅಂಗಳದಲ್ಲಿ ಕುಳಿತಿದ್ದಾಗ ಭುಜ ಹೇಗಿದೆ ಎಂದು ಕೇಳಿದೆ.

"ನೋಯಾಂಗಿಲ್ಲ."

"ಚಲೋನೇ ಆತಲ್ಲ."

"ಕ್ಯಾಪ್ಟನ್," ಎಂದು ಅವಳು ನನ್ನ ಕಡೆ ತಿರುಗಿದಳು. "ಆವತ್ತಿಂದ ನಂಗ ಏನೂ ಆಗಿಲ್ಲ."

"ಅಂದ್ರ?"

"ಅಂದ್ರ ಏನೂ. ಒಂದು ನೆಗಡಿ ಬಂದಿಲ್ಲ. ಒಬ್ಬ ಗಿರಾಕಿ ಜಗಳಾಡಿಲ್ಲ. ದಿನಾ ಅಷ್ಟ ಮಂದಿ ಬರ್ತಾರ, ಅಷ್ಟ ಉಂಡು ಹೋಗ್ತಾರ. ಹೋದ ತಿಂಗಳು ನನ್ನ ತಮ್ಮಗ ಗಂಡು ಹುಟ್ಟಿತು. ಕೂಸಿನ ಎತಿಗೊಂಡ್ನಿ. ಎತಿಗೊಂಡೇನಿ ಅಂತ ಗೊತ್ತಾತು, ಅಷ್ಟ. ಅಳು ಬರಲಿಲ್ಲ, ನಗು ಬರಲಿಲ್ಲ." ಮತ್ತೆ ಹೇಳಿದಳು: "ಹೊರಗ ಕುಂತು ಬ್ಯಾರೆಯವರ ಆಟ ನೋಡಿದಂಗ ಅನಸ್ತದ."

ಬಿಸಿಲಿತ್ತು, ಪಕ್ಕದ ಮನೆಯ ರೇಡಿಯೋ ಹಾಡುತ್ತಿತ್ತು, ಆದರೂ ನಾನು ಸೆರಗು ಎಳೆದು ಹೊದ್ದುಕೊಂಡೆ. ಡಾಕ್ಟರಿಗೆ ತೋರಿಸು, ಮನಸ್ಸು ದಣಿದಾಗ ಹೀಗಾಗುತ್ತದೆ ಎಂದೆ. ನಾನೇ ಕರೆದುಕೊಂಡು ಹೋಗುತ್ತೇನೆಂದೂ ಹೇಳಿದೆ. ಅವಳು ತಲೆಯಾಡಿಸಿ, "ಅದಕ್ಕೂ ಬರ್ತೀನಿ. ಮೊದಲ ನನ್ನ ಮತ್ತ ಅದರಾಗ ಹಾಕು," ಎಂದಳು.

"ಎದರಾಗ?"

"ಆಟದಾಗ. ಹೊಸದಾಗಿ ಹಾಕು. ಓಟ ಬ್ಯಾಡ, ಗೋಲ ಬ್ಯಾಡ. ನಡುವ ಎಲ್ಲೋ ಸಾದಾ ಆಟಗಾರ್ತಿ ಆಗಿರ್ತೀನಿ. ಪೆಟ್ಟಾದ್ರ ಆಗ್ಲಿ."

ನಾನು ಬೇಡವೆಂದು ಬಹಳ ಹೇಳಿದೆ. ಮತ್ತೆ ಏನಾದರೂ ಆದರೆ ಆ ಭಾರ ನಾನು ಹೊರಲಾರೆ ಎಂದೆ. "ನಾ ಹೊರತೀನಿ," ಎಂದಳು. ಆ ಮುಖದಲ್ಲಿ ಬೇಡುವ ಭಾವವೂ ಇರಲಿಲ್ಲ. ಅದೇ ನನ್ನನ್ನು ಸೋಲಿಸಿತು.

ಯಾದಗಿರಿಗೆ ಬಂದ ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದು ಅವಳ ಹೆಸರನ್ನು ಹೊಸದಾಗಿ ಬರೆದೆ. ಎಲ್ಲ ಅಂಕವನ್ನೂ ನಡುವಿನಲ್ಲಿಟ್ಟೆ. ಭಾನುವಾರ ಪಂದ್ಯ ಆಡಿಸಿದೆ. ಕಂಪ್ಯೂಟರ್ ಅವಳನ್ನು ಮೈದಾನಕ್ಕೇ ಇಳಿಸಲಿಲ್ಲ. ಪಂದ್ಯ ಮುಗಿಯುವವರೆಗೂ ಬೆಂಚಿನಲ್ಲಿ ಕೂರಿಸಿತ್ತು. ಇದೆಲ್ಲ ನಮ್ಮ ಭ್ರಮೆ ಎಂದುಕೊಂಡು ಮುಚ್ಚಿಟ್ಟೆ.

ಸೋಮವಾರ ಶಹಾಪುರದ ಗೆಳತಿಯ ಫೋನ್ ಬಂತು. ಹಿಂದಿನಿಂದ ಯಾರೋ ಕೆಮ್ಮುವುದು ಕೇಳಿಸುತ್ತಿತ್ತು.

"ಆಕಿಗಿ ಜ್ವರ ಬಂದಾವ," ಎಂದಳು. "ಖಾನಾವಳಿ ಮುಚ್ಚಿ ಮಲಗ್ಯಾಳ. ಗುಳಿಗಿ ತಂದು ಕೊಟ್ರ ತಗೋವಲ್ಲಳು. ಒಂದಿನ ಇರ್ಲಿ ಬಿಡು ಅಂತಾಳ. ಮೈ ಕೆಂಡ ಆಗ್ಯಾದ, ಕಣ್ಣಾಗ ನೀರು ಸುರಿಯಾಕತ್ತಾವ, ನಗಾಕತ್ತಾಳ."