ಮಾವನವರ ಉಪವಾಸ

ಮೊನ್ನೆ ಮೊಮ್ಮಗ ಬಳ್ಳಾರಿಯ ಟಾಕೀಸಿಗೆ ಕರೆದುಕೊಂಡು ಹೋದ. ಪರದೆಯ ಮೇಲೆ ಕಳ್ಳರ ಮನೆತನದ ಯಜಮಾನನೊಬ್ಬ ಬಡವರ ಕೂಸನ್ನು ಎತ್ತಿ ಮುದ್ದಾಡಿದ. ಸುತ್ತಲಿನವರೆಲ್ಲ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆ ಬಡವರು ಕೊಟ್ಟ ನೀರು ಅವನು ಕುಡಿದನೋ ಇಲ್ಲವೋ, ನಾನು ಅಷ್ಟನ್ನೇ ನೋಡುತ್ತಿದ್ದೆ. ಅಂಥದೇ ಕಳ್ಳರ ಮನೆಗೆ ಸೊಸೆಯಾಗಿ ಹೋದವಳು ನಾನು.

ಅದು ಇಂಗ್ಲಿಷರ ರಾಣಿ ಸರ್ಕಾರದ ಕಾಲ. ಸಿರುಗುಪ್ಪದಲ್ಲಿ ನನ್ನ ಮಾವನವರು ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಹಗಲು ದನದ ವ್ಯಾಪಾರ. ಕತ್ತಲಾದ ಮೇಲಿನ ವ್ಯಾಪಾರ ಯಾವುದೆಂದು ತಿಳಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ಮಕ್ಕಳು, ಅಳಿಯಂದಿರು ಅವರ ಕಣ್ಸನ್ನೆಗೆ ಹೊರಡುತ್ತಿದ್ದರು. ಹೆಂಗಸರ ತಾಳಿ ಮುಟ್ಟಬಾರದು, ಉಪ್ಪು ತಿಂದ ಮನೆಗೆ ಕನ್ನ ಹಾಕಬಾರದು. ಈ ಮಾತು ಮೀರಿದ ಸ್ವಂತ ತಮ್ಮನನ್ನೇ ಅವರು ಮನೆಯಿಂದ ಹೊರಗೆ ಹಾಕಿದ್ದರು.

ಕುರುಗೋಡಿನಲ್ಲಿ ನನ್ನ ಅಕ್ಕನ ಗಂಡ ಹತ್ತಿ ವ್ಯಾಪಾರಿ. ಅವಳ ಬಾಣಂತನಕ್ಕೆಂದು ಹೋಗಿದ್ದೆ. ಕರೆದೊಯ್ಯಲು ಗಂಡ ಬರಬೇಕಾಗಿತ್ತು, ಮಾವನವರೇ ಬಂಡಿ ಕಟ್ಟಿಕೊಂಡು ಬಂದರು. ಪಡಸಾಲೆಯಲ್ಲಿ ಕೂತು ಮಾಳಿಗೆ ನೋಡಿದರು, ಹಿತ್ತಿಲ ಬಾಗಿಲು ನೋಡಿದರು.

"ಬಿಸಿಲಾಗ ಬಂದೀರಿ, ಮಜ್ಜಿಗಿ ಕುಡೀರಿ," ಎಂದಳು ಅಕ್ಕ.

"ಬ್ಯಾಡವ್ವಾ, ಇವತ್ತು ಉಪವಾಸ ಐತಿ."

ಅರ್ಧ ದಾರಿಯಲ್ಲಿ ಬಂಡಿ ನಿಲ್ಲಿಸಿ, ಮನೆಯಿಂದ ತಂದ ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಆಗ ಹೊಳೆಯಿತು. ಅಕ್ಕನ ಮನೆಯ ಮೇಲೆ ಇವರ ಕಣ್ಣು ಬಿದ್ದಿತ್ತು.

ಅಕ್ಕ ಕಟ್ಟಿಕೊಟ್ಟ ಶೇಂಗಾ ಪುಡಿ ನನ್ನ ಗಂಟಿನಲ್ಲಿತ್ತು. ಮರುದಿನ ಅದನ್ನೇ ತುಂಬಿ ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಮಾವನವರು ಉಂಡು ತಾಟು ಬಳಿದ ಮೇಲೆ, ಬಾಗಿಲ ಮರೆಯಲ್ಲಿ ನಿಂತು ಹೇಳಿದೆ. "ಮಾವಾ, ಅದ್ರಾಗ ನಮ್ಮ ಅಕ್ಕನ ಮನಿ ಪುಡಿ ಐತ್ರಿ."

ಅವರು ನನ್ನನ್ನೇ ನೋಡಿದರು. ಕೈ ತೊಳೆದರು. ಗಂಡುಮಕ್ಕಳನ್ನು ಕರೆದು, "ಆ ಮನಿ ಬ್ಯಾಡ. ಅವರ ಉಪ್ಪು ತಿಂದೀನಿ," ಎಂದರು.

ನನ್ನ ಗಂಡ ಗೊಣಗಿದ. "ಒಂದು ಚಿಟಿಕಿ ಪುಡಿ, ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತೈತಲ್ಲ ಲೇ."

ಎಂಥ ದೊಡ್ಡ ಮನುಷ್ಯ ಎಂದು ಕೈ ಮುಗಿಯಬೇಕೆನಿಸಿತು. ಬೆಂಕಿ ಬೀಳಲಿ ನನ್ನ ಬುದ್ಧಿಗೆ. ಆ ಮನೆ ಬೇಡ ಎಂದಿದ್ದರೇ ಹೊರತು, ಆ ಓಣಿ ಬೇಡ ಎಂದಿರಲಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ಸುದ್ದಿ ಬಂತು. ಅಕ್ಕನ ಮನೆಯ ಎಡಕ್ಕೂ ಬಲಕ್ಕೂ ಕನ್ನ ಬಿದ್ದಿತ್ತು. ನಡುವೆ ಅವಳ ಮನೆಯ ಒಂದು ತಂಬಿಗೆಯೂ ಅಲುಗಿರಲಿಲ್ಲ. ಇವಳೊಬ್ಬಳ ಮನೆ ಹೇಗೆ ಉಳಿಯಿತು ಎಂದು ಓಣಿಯವರು ಗುಸುಗುಸು ಶುರುಮಾಡಿದರು. ಸಿರುಗುಪ್ಪದ ತಂಗಿ ಬಂದು ಇದ್ದು ಹೋದದ್ದೂ, ಅವಳ ಮಾವ ಬಂಡಿ ಕಟ್ಟಿಕೊಂಡು ಬಂದದ್ದೂ ಅವರ ನೆನಪಿಗೆ ಬಂತು. ಅಕ್ಕನ ಒಲೆಗೆ ಕೆಂಡ ಕೊಡುವುದನ್ನೂ ಬಿಟ್ಟರು.

ಏಳೆಂಟು ತಿಂಗಳು ಕಳೆದು ಒಂದು ಮಧ್ಯಾಹ್ನ ಅಕ್ಕ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನಾನು ಓಡಿಹೋಗಿ ತಂಬಿಗೆ ತುಂಬ ನೀರು ತಂದೆ. ಕೂಸು ಅಳುತ್ತ ತಂಬಿಗೆಯತ್ತ ಕೈ ಚಾಚಿತು. ಅಕ್ಕ ಅದರ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

"ಬ್ಯಾಡ ತಂಗೀ," ಎಂದಳು, "ಇವತ್ತು ಉಪವಾಸ ಐತಿ."